ಜೆಸಿಬಿಯವನು ಬಿಲ್ ಕೊಡಲಿಲ್ಲ

ಹುಡುಗ ಕ್ಯಾರಿಬ್ಯಾಗನ್ನು ನನ್ನ ಟೇಬಲ್ ಮೇಲೆ ಸುರಿದ. ಬಸ್ ಟಿಕೆಟ್‌ಗಳು, ಹಾರ್ಡ್‌ವೇರ್ ಅಂಗಡಿಯ ಎರಡು ಬಿಲ್, ಚಹಾದಂಗಡಿಯವರು ನೋಟ್‌ಬುಕ್ ಹಾಳೆಯಲ್ಲಿ ಬರೆದುಕೊಟ್ಟ ಲೆಕ್ಕ. ಆ ಹಾಳೆಯ ಮೇಲೆ ಮಿರ್ಚಿಯ ಎಣ್ಣೆ ಕಲೆ. ಎಲ್ಲ ಕೂಡಿಸಿದರೆ 18,200 ರೂಪಾಯಿ ಆಯಿತು. ಬೇಕಿದ್ದ ಲೆಕ್ಕ 23,000.

"ಉಳಿದ 4,800 ಎಲ್ಲಿ?" ಅಂದೆ.

"ಅದು ಜೆಸಿಬಿದ್ರೀ ಅಕ್ಕಾರ. ನಾಕು ತಾಸು ಹೊಡದಾನ. ಬಿಲ್ ಕೇಳಿದ್ರ ನಕ್ಕಬಿಟ್ಟ."

ಅಷ್ಟು ಹೇಳಿ ಫೋನ್ ಮುಂದೆ ಹಿಡಿದ. ಅದರಲ್ಲೊಂದು ವಿಡಿಯೊ. ಜೆಸಿಬಿ ಮೇಲೆ ಕೂತ ಚಾಲಕ ಇಂಜಿನ್ ಸದ್ದಿಗೂ ಮೇಲೆ ಕೂಗುತ್ತಿದ್ದಾನೆ: "ನಾಕು ತಾಸಿಂದು ನಾಕು ಸಾವಿರದ ಎಂಟನೂರು ರೂಪಾಯಿ ತಗೊಂಡೇನಿ. ಈ ಹುಡುಗರು ಕೊಟ್ಟಾರ. ಸಾಕೇನ್ಲೇ?"

ನನಗೆ ನಗು ಬಂತು. ಮರುಕ್ಷಣ ಹೊಟ್ಟೆಯಲ್ಲಿ ಸಣ್ಣ ತಳಮಳ. ಇದನ್ನು ನಾನು ಲೆಕ್ಕ ನೋಡುವ ನಮ್ಮ ಸಿಎ ಮುಂದೆ ಹೇಗೆ ಇಡಲಿ?

ನಾನು ಧಾರವಾಡದ ಒಂದು ಚಿಕ್ಕ ಟ್ರಸ್ಟಿನಲ್ಲಿ ಕೆಲಸ ಮಾಡುತ್ತೇನೆ. 2021ರ ಕೊನೆಯಿಂದ ನಾಲ್ಕು ವರ್ಷ ಹಳ್ಳಿ ಹುಡುಗ ಹುಡುಗಿಯರ ಗುಂಪುಗಳಿಗೆ ಚಿಕ್ಕ ಅನುದಾನ ಕೊಡುವ ಕಾರ್ಯಕ್ರಮ ನೋಡಿಕೊಂಡೆ. ಒಂದು ಗುಂಪಿಗೆ ಹೆಚ್ಚೆಂದರೆ 25,000 ರೂಪಾಯಿ. ನವಲಗುಂದ, ಕುಂದಗೋಳ ತಾಲ್ಲೂಕು, ಆಮೇಲೆ ಪಕ್ಕದ ರೋಣ. ತಮ್ಮ ಊರಿಗೆ ಏನು ಬೇಕು ಅಂತ ಅವರೇ ಹೇಳಬೇಕು, ಅವರೇ ಮಾಡಬೇಕು, ನಾವು ದುಡ್ಡು ಕೊಟ್ಟು ಪಕ್ಕದಲ್ಲಿ ನಿಲ್ಲಬೇಕು. ಕೇಳೋಕೆ ಎಷ್ಟು ಸುಲಭ ಅಲ್ವಾ?

ಮೊದಲ ತೊಡಕು ದುಡ್ಡು ಎಲ್ಲಿಂದ ತರುವುದು ಅನ್ನುವುದೇ. ವಿದೇಶದಿಂದ ಬಂದ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನು 2020ರ ಸೆಪ್ಟೆಂಬರ್‌ನಲ್ಲಿ ಕಾನೂನು ತಿದ್ದಿ ನಿಲ್ಲಿಸಿದರು. ಅದಕ್ಕೂ ಮುಂಚೆ ನಮ್ಮಂಥ ಟ್ರಸ್ಟ್‌ಗಳು ಆ ದಾರಿಯಲ್ಲೇ ಊರಿನ ಸಂಘಗಳಿಗೆ ಹಣ ಕೊಡುತ್ತಿದ್ದವು. ಹಾಗಾಗಿ ನಮಗೆ ಉಳಿದಿದ್ದು ಎರಡು ದಾರಿ. ಬೆಂಗಳೂರು, ಪುಣೆಯಲ್ಲಿ ಕೆಲಸದಲ್ಲಿರುವ ಇಲ್ಲಿನ ಊರವರು ಕೊಡುವ ದೇಣಿಗೆ ಒಂದು. ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ಸಿಎಸ್‌ಆರ್ ಹಣ ಇನ್ನೊಂದು.

ಎರಡನೇ ತೊಡಕು ದುಡ್ಡನ್ನು ಯಾರ ಕೈಗೆ ಕೊಡುವುದು ಅನ್ನುವುದು. ಈ ಗುಂಪುಗಳಿಗೆ ನೋಂದಣಿ ಇರುವುದಿಲ್ಲ. ನೋಂದಣಿ ಇಲ್ಲ ಅಂದರೆ ಪ್ಯಾನ್ ಮಾಡಿಸುವುದು ಕಷ್ಟ, ಪ್ಯಾನ್ ಇಲ್ಲ ಅಂದರೆ ಗುಂಪಿನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯುವುದೂ ಕಷ್ಟ. "ಸಂಘ ಮಾಡಿಸಿಕೊಂಡು ಬನ್ನಿ" ಅನ್ನಬಹುದಿತ್ತು. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು. ಆದರೆ ಆಮೇಲೆ ವರ್ಷ ವರ್ಷ ಪಟ್ಟಿ ಕೊಡಬೇಕು, ಲೆಕ್ಕ ಕೊಡಬೇಕು. 25,000ದ ಕೆಲಸಕ್ಕೆ ಜೀವಮಾನದ ಕಾಗದಪತ್ರ ಅಂಟಿಸಿದ ಹಾಗೆ. ನಮ್ಮ ಸಿಎ ಒಂದು ಉಪಾಯ ಹೇಳಿದರು. "ಅನುದಾನ ಅಂತ ಬರೀಬ್ಯಾಡ್ರಿ. ಕಾರ್ಯಕ್ರಮ ನಿಮ್ದ, ಅವ್ರು ನಿಮ್ಮ ಸ್ವಯಂಸೇವಕರು. ಮುಂಗಡ ಕೊಡ್ರಿ, ಬಿಲ್ ತಗೋರಿ." ಹೀಗೆ ನಾವು ಹೊರಗೆ ಅನುದಾನ ಅಂತಲೂ ಪುಸ್ತಕದಲ್ಲಿ ಮುಂಗಡ ಅಂತಲೂ ಕರೆಯುವ ವಿಚಿತ್ರ ವ್ಯವಸ್ಥೆ ಶುರುವಾಯಿತು. ಅದು ತಪ್ಪಲ್ಲ. ಆದರೆ ಮುಂಗಡ ಅಂದಮೇಲೆ ಪ್ರತಿ ರೂಪಾಯಿಗೂ ಬಿಲ್ ಬೇಕು. ಈ ಕಥೆಯ ಅರ್ಧ ಗೋಳು ಹುಟ್ಟಿದ್ದು ಅಲ್ಲಿ.

ಮೊದಲ ವರ್ಷದ ಅರ್ಜಿ ಆರು ಪುಟ ಇತ್ತು. ನಾನೇ ತಯಾರು ಮಾಡಿದ್ದು. ಉದ್ದೇಶ, ಗುರಿ, ನಿರೀಕ್ಷಿತ ಫಲಿತಾಂಶ, ಸುಸ್ಥಿರತೆ ಅಂತ ಕಾಲಂಗಳು. ಉದ್ದೇಶಕ್ಕೂ ಗುರಿಗೂ ಏನು ವ್ಯತ್ಯಾಸ ಅಂತ ಈಗ ನನ್ನನ್ನು ಕೇಳಿದರೆ ನನಗೂ ಹೇಳಲು ಬರಲ್ಲ. 40ಕ್ಕೂ ಹೆಚ್ಚು ಅರ್ಜಿ ಬಂದವು. ಓದುತ್ತಾ ಹೋದಂತೆ ಎಲ್ಲೋ ಓದಿದ್ದೀನಲ್ಲ ಅನ್ನಿಸತೊಡಗಿತು. ಎಂಟು ಅರ್ಜಿಯಲ್ಲಿ "ನಮ್ಮ ಗ್ರಾಮದ ಸರ್ವತೋಮುಖ ಅಭಿವೃದ್ಧಿಗಾಗಿ" ಅನ್ನುವ ಒಂದೇ ಸಾಲು, ಒಂದೇ ಅಕ್ಷರ. ವಿಚಾರಿಸಿದರೆ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನವನು ಅರ್ಜಿಗೆ ನೂರು ರೂಪಾಯಿಯಂತೆ ಬರೆದುಕೊಡುತ್ತಿದ್ದ. ಅವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಅರ್ಜಿಯನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದವನು ಅವನೊಬ್ಬನೇ.

ಮರುವರ್ಷ ಅರ್ಜಿಯನ್ನು ಎರಡು ಪುಟಕ್ಕೆ ಇಳಿಸಿದೆವು. ಜೊತೆಗೆ ಐದು ನಿಮಿಷದ ವಾಟ್ಸಾಪ್ ಧ್ವನಿ ಸಂದೇಶ ಕಳಿಸಿ ಅಂದೆವು. ಏನು ಮಾಡ್ತೀರಿ, ಯಾಕೆ, ಯಾರು ಯಾರು ಇದ್ದೀರಿ, ಮನೆಯಲ್ಲಿ ಮಾತಾಡಿದ ಹಾಗೆ ಹೇಳಿ ಅಂತ. ಹುಡುಗರ ಸಂದೇಶ ಮಧ್ಯಾಹ್ನ ಬರುತ್ತಿದ್ದವು, ಹಿಂದೆ ಕ್ರಿಕೆಟ್ ಗಲಾಟೆ. ಹುಡುಗಿಯರ ಸಂದೇಶ ಬರುತ್ತಿದ್ದುದು ರಾತ್ರಿ ಒಂಬತ್ತರ ಮೇಲೆ, ರೊಟ್ಟಿ ಬಡಿದು ಪಾತ್ರೆ ತಿಕ್ಕಿ ಆದಮೇಲೆ, ಅಣ್ಣನ ಫೋನಿನಿಂದ, ಪಿಸುದನಿಯಲ್ಲಿ. ಒಬ್ಬಳು ಮಧ್ಯೆ ನಿಲ್ಲಿಸಿ "ತಡೀರಿ ಅಕ್ಕಾರ, ಅಪ್ಪ ಬಂದ" ಅಂದು, ಎರಡು ದಿನ ಬಿಟ್ಟು ಉಳಿದ ಅರ್ಧ ಕಳಿಸಿದಳು. ಆರು ಪುಟದ ಅರ್ಜಿಯಲ್ಲಿ ಇವೆಲ್ಲ ಎಲ್ಲಿ ಕಾಣುತ್ತಿದ್ದವು?

ವಯಸ್ಸಿನದೊಂದು ತಮಾಷೆ ಹೇಳಲೇಬೇಕು. 2014ರ ರಾಷ್ಟ್ರೀಯ ಯುವ ನೀತಿಯಲ್ಲಿ 15ರಿಂದ 29 ವರ್ಷದವರನ್ನು ಯುವಜನ ಅಂತ ಎಣಿಸಿದ್ದಾರೆ. ನಾವೂ ಅದನ್ನೇ ಇಟ್ಟುಕೊಂಡೆವು. ಒಂದು ಊರಿನ ಯುವಕ ಸಂಘದ ಅಧ್ಯಕ್ಷರು ಅರ್ಜಿ ಹಿಡಿದು ಬಂದರು. ತಲೆ ಅರ್ಧ ಬೆಳ್ಳಗಾಗಿತ್ತು. ಹಿಂದಿನ ವಾರವಷ್ಟೇ ಮಗಳ ಮದುವೆ ಮಾಡಿದ್ದರಂತೆ. ನಾನು ವಯಸ್ಸಿನ ನಿಯಮ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನನ್ನ ಅಳಿಯನ್ನ ಕಳಸ್ತೇನ್ರಿ" ಅಂದರು. ಅಳಿಯ ಬರಲಿಲ್ಲ.

ಆಯ್ಕೆ ಸಮಿತಿಯಲ್ಲಿ ಐವರು. ನಿವೃತ್ತ ಹೆಡ್‌ಮಾಸ್ತರು, ಸ್ತ್ರೀಶಕ್ತಿ ಸಂಘದ ಒಬ್ಬರು ಹಿರಿಯ ಹೆಣ್ಣುಮಗಳು, ಒಬ್ಬ ಪತ್ರಕರ್ತರು, ಇನ್ನಿಬ್ಬರು ಹಿಂದಿನ ವರ್ಷ ದುಡ್ಡು ತಗೊಂಡು ಕೆಲಸ ಮಾಡಿದ ಹುಡುಗರು. ಆಯ್ಕೆಯ ವಾರ ನನ್ನ ಫೋನಿಗೆ ಬಿಡುವೇ ಇರುತ್ತಿರಲಿಲ್ಲ. "ಅಂವ ನಮ್ಮ ಹುಡುಗ ಅದಾನ್ರಿ, ನೋಡ್ರಿ ಸ್ವಲ್ಪ." ಯಾರದೋ ಆಪ್ತರು, ಯಾರದೋ ಕಾಕಾ. ಎಲ್ಲರಿಗೂ "ಸಮಿತಿ ನೋಡ್ತೈತ್ರಿ" ಅನ್ನುತ್ತಿದ್ದೆ. ಸಮಿತಿ ಅನ್ನುವುದು ಇರುವುದೇ ಇಂಥ ಹೊತ್ತಿಗೆ ಅದರ ಹಿಂದೆ ನಿಲ್ಲೋಕೆ ಅಂತ ನನ್ನ ಅಭಿಪ್ರಾಯ.

ಹೆಡ್‌ಮಾಸ್ತರು ಎಲ್ಲ ಗುಂಪಿಗೂ ಒಂದು ಪ್ರಶ್ನೆ ಕೇಳುತ್ತಿದ್ದರು: "ಈ ರೊಕ್ಕ ಬರಲಿಲ್ಲಂದ್ರ ಏನ್ ಮಾಡ್ತೀರಿ?" ಮೊದಲ ವರ್ಷ ಬಹಳಷ್ಟು ಜನ ಮುಖ ಮುಖ ನೋಡಿಕೊಂಡರು. ಕುಂದಗೋಳ ಕಡೆಯ ಒಂದು ಗುಂಪು "ಆಗೂ ಮಾಡ್ತೇವ್ರಿ, ತಡಾ ಆಗ್ತೈತಿ ಅಷ್ಟ" ಅಂದಿತು. ನಮಗೆಲ್ಲ ಬಹಳ ಇಷ್ಟವಾಯಿತು, ದುಡ್ಡು ಕೊಟ್ಟೆವು. ಎರಡನೇ ವರ್ಷ ಬಂದ ಗುಂಪುಗಳೆಲ್ಲ ಆ ಉತ್ತರವನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದವು! ಪ್ರಶ್ನೆಪತ್ರಿಕೆ ಬಯಲಾಗಿತ್ತು. ಆಮೇಲಿಂದ ಪ್ರಶ್ನೆ ಬಿಟ್ಟು ಊರಿಗೇ ಹೋಗಲು ಶುರು ಮಾಡಿದೆವು. ಗುಂಪಿನವರ ಜೊತೆ ಮಾತಾಡಿ, ಆಮೇಲೆ ಅವರನ್ನು ಬಿಟ್ಟು ಅಂಗನವಾಡಿ ಟೀಚರ್ ಹತ್ತಿರ, ಕಿರಾಣಿ ಅಂಗಡಿಯಲ್ಲಿ ಸುಮ್ನೆ ಕೂತು ಬರುವುದು. ಒಂದು ಊರಿಗೆ ಒಂದು ದಿನ ಹಿಡಿಯುತ್ತಿತ್ತು.

ಆ ದಿನಕ್ಕೂ ಖರ್ಚಿದೆ. ಪೆಟ್ರೋಲು, ಊಟ, ಒಬ್ಬರ ಸಂಬಳ. ಲೆಕ್ಕ ಹಾಕಿದರೆ 25,000 ತಲುಪಿಸಲು ನಮಗೆ ಹತ್ತಿರ ಹತ್ತಿರ 9,000 ಬೀಳುತ್ತಿತ್ತು. ಕಂಪನಿಯ ಸಿಎಸ್‌ಆರ್ ವಿಭಾಗದವರು ಇದನ್ನು ಕೇಳಿ ಹೌಹಾರಿದರು. "ಆಡಳಿತ ವೆಚ್ಚ 5 ಪರ್ಸೆಂಟ್ ಮೀರುವಂತಿಲ್ಲ ಮೇಡಂ, ನಿಯಮ ಇದೆ." ನಿಯಮ ಇರುವುದು ನಿಜ. ಆದರೆ ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ಕಚೇರಿ ನಡೆಸಲು ಮಾಡುವ ಖರ್ಚಿಗೆ. ಯೋಜನೆ ರೂಪಿಸುವುದು, ಜಾರಿ ಮಾಡುವುದು, ಮೇಲ್ವಿಚಾರಣೆ ಇವೆಲ್ಲ ಅದರಲ್ಲಿ ಬರುವುದಿಲ್ಲ ಅಂತ ನಿಯಮದಲ್ಲೇ ಬರೆದಿದೆ. ಇದನ್ನು ಒಪ್ಪಿಸಲು ಎರಡು ಸಭೆ ಬೇಕಾದವು. ಒಪ್ಪಿದ ಮೇಲೆ ಅವರು ಕೇಳಿದ್ದು ಒಂದೇ: ಪ್ರತಿ ಊರಲ್ಲೂ ತಮ್ಮ ಲೋಗೊ ಇರುವ ಫ್ಲೆಕ್ಸ್ ಹಾಕಿ ಫೋಟೊ ಕಳಿಸಬೇಕು. ಫ್ಲೆಕ್ಸಿಗೆ 1,800 ರೂಪಾಯಿ. ಒಂದು ಊರಲ್ಲಿ ಮಾಡಿದ ಕೆಲಸಕ್ಕಿಂತ ಫ್ಲೆಕ್ಸೇ ದೊಡ್ಡದಿತ್ತು. ಕಾರ್ಯಕ್ರಮ ಮುಗಿದ ಸಂಜೆಯೇ ಅದು ಯಾರದೋ ಕಣಕಿ ಬಣವೆಯ ಮೇಲೆ ಹೊದಿಕೆಯಾಗಿತ್ತು. ಅಷ್ಟಾದರೂ ಉಪಯೋಗಕ್ಕೆ ಬಂತು.

ಕಂಪನಿಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಾಗಾಗಿ ದುಡ್ಡು ನಮ್ಮ ಕೈ ಸೇರುತ್ತಿದ್ದುದು ಫೆಬ್ರುವರಿ, ಮಾರ್ಚಿನಲ್ಲಿ. ಆಗ ಊರಲ್ಲಿ ಏನು ನಡೆಯುತ್ತಿರುತ್ತದೆ? ಹಿಂಗಾರಿ ಜೋಳ, ಕಡಲೆ ರಾಶಿ ನಡೆದಿರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಬಂದಿರುತ್ತವೆ. ಆಮೇಲೆ ಸಾಲು ಸಾಲು ಜಾತ್ರೆ, ಮದುವೆ. ಜೂನ್ ಬಂತೆಂದರೆ ಮುಂಗಾರಿ ಹೆಸರು ಬಿತ್ತನೆ. ಕೆಲಸಕ್ಕೆ ಹುಡುಗರು ಸಿಗುವುದು ಏಪ್ರಿಲ್, ಮೇ ತಿಂಗಳ ಬೆಳಗಿನ ಹೊತ್ತು, ಅದೂ ಎಂಟು ಗಂಟೆಯೊಳಗೆ. ಹತ್ತಕ್ಕೆ ನೆಲ ಕಾಯುತ್ತದೆ.

2023ರಲ್ಲಿ ಅದೂ ಸಿಗಲಿಲ್ಲ. ಒಂದು ಗುಂಪು ಪಂಚಾಯ್ತಿ ಗ್ರಂಥಾಲಯದ ಖಾಲಿ ಕೋಣೆಗೆ ಬಣ್ಣ ಹೊಡೆದು, ಮಕ್ಕಳ ಪುಸ್ತಕ ತಂದು, ಬೇಸಿಗೆ ರಜೆಗೆ ಓದುವ ಮನೆ ಮಾಡುತ್ತೇವೆ ಅಂದಿತ್ತು. ಪುಸ್ತಕ ಬಂದವು. ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ ಜಾರಿಯಾಯಿತು. ಸಾರ್ವಜನಿಕ ಕಟ್ಟಡದಲ್ಲಿ ಹೊಸದೇನೂ ಶುರು ಮಾಡುವುದು ಬೇಡ, ಮುಗಿಯಲಿ ಅಂದರು. ಅದು ಮುಗಿಯುವ ಹೊತ್ತಿಗೆ ರಜೆಯೇ ಮುಗಿಯುತ್ತ ಬಂದಿತ್ತು. ಏಪ್ರಿಲ್ ಕೊನೆಗೆ ನಾನು ಮುಖ ಸಣ್ಣ ಮಾಡಿಕೊಂಡು ಆ ಊರಿಗೆ ಹೋದೆ. ಗುಂಪಿನ ಒಬ್ಬ ಹುಡುಗಿಯ ಮನೆ ಪಡಸಾಲೆಯಲ್ಲಿ, ಜೋಳದ ಚೀಲಗಳ ಮೇಲೆ, ಸಂದಿಯಲ್ಲಿ, ಹದಿನೈದಿಪ್ಪತ್ತು ಮಕ್ಕಳು ಪುಸ್ತಕ ಹಿಡಿದು ಕೂತಿದ್ದವು. ಅವಳ ಅಜ್ಜಿ ಒಂದು ಕೋಲು ಹಿಡಿದು ಬಾಗಿಲಲ್ಲಿ ಕೂತಿದ್ದಳು. ಪುಸ್ತಕ ಹೊರಗೆ ಒಯ್ಯದಂತೆ ಕಾವಲು. ಕಂಪನಿಗೆ ಕಳಿಸಬೇಕಾದ ಉದ್ಘಾಟನೆ ಫೋಟೊ ಮಾತ್ರ ಆಗಸ್ಟ್ ತನಕ ಇರಲಿಲ್ಲ.

ನಾನು ಹೆಚ್ಚು ನೆನೆಸಿಕೊಳ್ಳುವುದು ಅತಿ ಕಡಿಮೆ ದುಡ್ಡಿನ ಗುಂಪನ್ನು. ಕಾಲೇಜಿಗೆ ಹೋಗುವ ಏಳು ಹುಡುಗಿಯರು. ಬರೀ 4,000 ಕೇಳಿದ್ದರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೆಟ್ಟಿಗೆ ದುಡ್ಡಿಲ್ಲ. ಒಳ್ಳೆಯದೇ ಆಯಿತು. ಆದರೆ ಹಿಂದಿನ ಊರಲ್ಲೇ ಬಸ್ ತುಂಬಿ, ಇವರ ಊರಿನ ಸ್ಟಾಪಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮನವಿ ಕೊಟ್ಟರೆ "ದಿನಾ ನಿಲ್ತೈತಲ್ಲ" ಅನ್ನುವ ಉತ್ತರ. ಹುಡುಗಿಯರು ಒಂದು ದಪ್ಪ ಪುಸ್ತಕ ತಂದರು. ಹದಿನೈದು ದಿನ ಪಾಳಿ ಹಾಕಿಕೊಂಡು ಬಸ್ ನಂಬರ್, ಬಂದ ಹೊತ್ತು, ನಿಂತಿತೋ ಇಲ್ಲವೋ, ಎಷ್ಟು ಜನ ಹತ್ತಿದರು, ಎಷ್ಟು ಜನ ಉಳಿದರು ಎಲ್ಲ ಬರೆದರು. ಪಕ್ಕದ ಮೂರು ಊರಿನ ಹುಡುಗಿಯರಿಂದಲೂ ಬರೆಸಿದರು. ಜೆರಾಕ್ಸ್ ಮಾಡಿಸಿ, ಪಂಚಾಯ್ತಿಯ ಠರಾವಿನ ಪ್ರತಿ ಸೇರಿಸಿ ಒಪ್ಪಿಸಿದರು. ಎರಡು ತಿಂಗಳಿಗೆ ಬೆಳಿಗ್ಗೆ ಇನ್ನೊಂದು ಬಸ್ ಬಂತು.

ಅವರ ಲೆಕ್ಕದ ಫೈಲ್ ನೋಡಿ ನಾನು ಜೋರಾಗಿ ನಕ್ಕಿದ್ದೆ. ಓಡಾಡಿದ ಪ್ರತಿ ಬಸ್ಸಿನ ಟಿಕೆಟ್ಟನ್ನೂ ಸಾಲಾಗಿ ಅಂಟಿಸಿದ್ದರು. ಎಲ್ಲವೂ ಶಕ್ತಿಯ ಸೊನ್ನೆ ರೂಪಾಯಿ ಟಿಕೆಟ್. "ಇದನ್ಯಾಕ ಅಂಟಿಸೀರಿ?" ಅಂದರೆ, "ಎಲ್ಲಾದಕ್ಕೂ ಬಿಲ್ ಬೇಕು ಅಂದಿದ್ರೆಲ್ರೀ ಅಕ್ಕಾರ" ಅಂದರು. ಉಳಿದ 850 ರೂಪಾಯಿ ವಾಪಸ್ ಕೊಟ್ಟರು.

ಎಲ್ಲ ಹೀಗೇ ಇರಲಿಲ್ಲ. ಒಂದು ಗುಂಪಿನ ಮುಖಂಡನ ಖಾತೆಗೆ 15,000 ಹಾಕಿದ್ದೆವು, ಮೊದಲ ಕಂತು. ತಿಂಗಳು ಕಳೆದರೂ ಕೆಲಸ ಶುರುವಾಗಲಿಲ್ಲ. ಫೋನ್ ಸ್ವಿಚ್ ಆಫ್. ಊರಿಗೆ ಹೋದರೆ ಅವನಿಲ್ಲ, ಗೆಳೆಯರು ನೆಲ ನೋಡುತ್ತಾರೆ. ಕೊನೆಗೆ ಒಬ್ಬ ಬಾಯಿಬಿಟ್ಟ. ಅವನ ಅವ್ವನಿಗೆ ಆಪರೇಷನ್ ಆಗಿತ್ತು. 12,000 ಆಸ್ಪತ್ರೆಗೆ ಹೋಗಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನ ಮೇಲಿನ ಸಿಟ್ಟು ಅರ್ಧ ಗಂಟೆ ಇತ್ತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಅನ್ನಿಸಿತು. ಖಾತೆಯಲ್ಲಿ ದುಡ್ಡಿದೆ, ಅವ್ವ ಆಸ್ಪತ್ರೆಯಲ್ಲಿದ್ದಾಳೆ, ಯಾರು ಸುಮ್ಮನಿರುತ್ತಾರೆ? ಅಂಥ ಇಕ್ಕಟ್ಟಿಗೆ ಅವನನ್ನು ತಳ್ಳಿದ್ದು ನಾವು. ಒಬ್ಬನ ಖಾತೆಗೆ ಒಮ್ಮೆಲೇ ಅಷ್ಟು ಹಣ ಹಾಕಿದ್ದು ನಮ್ಮ ತಪ್ಪು. ಪೊಲೀಸ್ ದೂರು ಬೇಡ ಅಂತ ಸಮಿತಿ ತೀರ್ಮಾನಿಸಿತು. ಒಂದು ವಾರಕ್ಕೆ ಅವನೇ ಬಂದ, ಕೂತ, ಒಂದು ಮಾತೂ ಆಡಲಿಲ್ಲ. ಸ್ತ್ರೀಶಕ್ತಿ ಸಂಘದ ಅಮ್ಮ ಅವನಿಗೆ ಮೊದಲು ಚಹಾ ತರಿಸಿದರು, ಆಮೇಲೆ ಬೈದರು. ಕಡಲೆ ಮಾರಿದ ಮೇಲೆ ಐದು ತಿಂಗಳಲ್ಲಿ 9,000 ವಾಪಸ್ ಬಂತು. ಉಳಿದ 3,000 ಟ್ರಸ್ಟಿನ ಸ್ವಂತ ನಿಧಿಯಿಂದ ಭರ್ತಿ ಮಾಡಿದೆವು. ಕಂಪನಿಗೆ ಕಳಿಸಿದ ವರದಿಯಲ್ಲಿ ನಾನು "ಕಾರಣಾಂತರದಿಂದ ವಿಳಂಬ" ಅಂತ ಬರೆದೆ. ಸುಳ್ಳಂತೂ ಬರೆಯಲಿಲ್ಲ. ಪೂರ್ತಿ ನಿಜವನ್ನೂ ಬರೆಯಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಕಂತುಗಳನ್ನು ಚಿಕ್ಕದು ಮಾಡಿದೆವು. ಇಬ್ಬರ ಖಾತೆಗೆ ಅರ್ಧರ್ಧ, ಅದರಲ್ಲಿ ಒಬ್ಬಳು ಹುಡುಗಿ ಇರಲೇಬೇಕು. ದೊಡ್ಡ ಸಾಮಾನಾದರೆ ಅಂಗಡಿಗೆ ನಾವೇ ನೇರ ಪಾವತಿ.

ಅಂಗಡಿಯ ವಿಷಯಕ್ಕೆ ಬಂದರೆ, ಹುಡುಗರು ಬಜೆಟ್ ಬರೆಯುವಾಗ ಕೇಳಿಕೊಂಡು ಬರುವುದು ಕಚ್ಚಾ ಬಿಲ್ಲಿನ ರೇಟು. ಕೊಳ್ಳಲು ಹೋಗಿ "ಪಕ್ಕಾ ಬಿಲ್ ಬೇಕು" ಅಂದರೆ ಪೇಂಟಿಗೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತದೆ. ಬಜೆಟ್ ಅಲ್ಲೇ ಹರಿಯುತ್ತದೆ. ಇದನ್ನು ಮೊದಲೇ ಹೇಳಿಕೊಡಬೇಕು ಅಂತ ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಇನ್ನೊಂದು ಗುಂಪು ಇದಕ್ಕೆ ತದ್ವಿರುದ್ಧ. ಕ್ರೀಡಾ ಸಾಮಗ್ರಿ, ಊಟ, ಪೆಂಡಾಲ್, ಎಲ್ಲದಕ್ಕೂ ಅಚ್ಚುಕಟ್ಟಾದ ಬಿಲ್. ರೂಪಾಯಿಗೆ ರೂಪಾಯಿ ತಾಳೆ. ನಾನು ಖುಷಿಯಿಂದ ಫೈಲ್ ಮುಚ್ಚಿದ್ದೆ. ಸಿಎ ಕಚೇರಿಯ ಹುಡುಗಿ ಫೋನ್ ಮಾಡಿ, "ಮೇಡಂ, ಊಟದ ಮೂರು ಬಿಲ್ ನೋಡಿದ್ರಾ? ಮೂರು ತಿಂಗಳ ಅಂತರ ಇದೆ, ನಂಬರ್ 41, 42, 43" ಅಂದಳು. ಮೂರು ತಿಂಗಳಲ್ಲಿ ಆ ಖಾನಾವಳಿಗೆ ಬೇರೆ ಗಿರಾಕಿಯೇ ಬಂದಿರಲಿಲ್ಲ ಅನ್ನಬೇಕು. ಹೋಗಿ ನೋಡಿದರೆ ಖಾನಾವಳಿ ಇದೆ, ಬಿಲ್ ಪುಸ್ತಕ ಗುಂಪಿನವರ ಹತ್ತಿರ ಇದೆ! ಟೂರ್ನಮೆಂಟ್ ನಡೆದಿದ್ದು ಒಂದೇ ದಿನ. ಅವರಿಗೆ ಎರಡನೇ ಕಂತು ಕೊಡಲಿಲ್ಲ. ಸ್ವಲ್ಪ ಗಲಾಟೆಯೂ ಆಯಿತು, ಇರಲಿ.

ನಾನು ಜೆಸಿಬಿ ಹುಡುಗನ ಎದುರು ಕೂತಿದ್ದು ಇದಾದ ಮೇಲೆ. ಅವನದು ನವಲಗುಂದ ತಾಲ್ಲೂಕಿನ ಊರು. ಆ ಕಡೆ ಬೋರ್‌ವೆಲ್ ನೀರು ಉಪ್ಪು, ಬಾಯಿಗಿಡಲಾಗದು. ಊರು ಕುಡಿಯುವುದು ಕೆರೆ ನೀರು. ಮಲಪ್ರಭಾ ಕಾಲುವೆಯಿಂದ ಬಿಟ್ಟಾಗ ತುಂಬಿಸಿಕೊಂಡು ತಿಂಗಳುಗಟ್ಟಲೆ ಅದನ್ನೇ ನೆಚ್ಚಿಕೊಳ್ಳುತ್ತಾರೆ. ಕೆರೆಯ ಒಡ್ಡಿನ ಮೇಲೆ ಬಳ್ಳಾರಿ ಜಾಲಿ ಬೆಳೆದು, ನೀರು ಬರುವ ಬಾಯಿಯಲ್ಲಿ ಹೂಳು, ಪ್ಲಾಸ್ಟಿಕ್ ತುಂಬಿತ್ತು. ಹನ್ನೊಂದು ಹುಡುಗರು ಹತ್ತು ದಿನ ಕೈಯಲ್ಲಿ ಕಡಿದು, ಜಾಲಿ ಬೇರು ಬಗ್ಗದಿದ್ದಾಗ ಜೆಸಿಬಿ ಕರೆಸಿದ್ದರು. ನೀರು ಬರುವ ಬಾಯಿಗೆ ಕಬ್ಬಿಣದ ಜಾಳಿಗೆ ಕೂರಿಸಿದ್ದರು. ನಾನು ಕಣ್ಣಾರೆ ನೋಡಿದ್ದೆ. ಇಡೀ ಊರು ನೋಡಿತ್ತು. ಬಿಲ್ ಮಾತ್ರ ಇರಲಿಲ್ಲ.

ಸಿಎಗೆ ವಿಡಿಯೊ ತೋರಿಸಿದೆ. ಅವರು ಎರಡು ಸಲ ನೋಡಿದರು, ಎರಡನೇ ಸಲ ನಗಲಿಕ್ಕೆ. ಆಮೇಲೆ ಹೇಳಿದರು: ಬಿಲ್ ಕೊಡದವರ ಹತ್ತಿರ ವೋಚರ್ ಬರೆಸಿಕೊಳ್ಳಿ. ಹೆಸರು, ಊರು, ಫೋನ್ ನಂಬರ್, ಏನು ಕೆಲಸ, ಎಷ್ಟು ತಾಸು, ಗಾಡಿ ನಂಬರ್, ಸಹಿ. 5,000 ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಬೇಡ, ಆದಾಯ ತೆರಿಗೆಯವರು ಒಪ್ಪಲ್ಲ. ಆದಷ್ಟೂ ಫೋನ್‌ಪೇ ಮಾಡಿಸಿ, ಅದೇ ಸಾಕ್ಷಿ. ಇಷ್ಟೇ. ಎರಡು ವರ್ಷ ನಾನು ಬಿಲ್ ಬಿಲ್ ಅಂತ ಹುಡುಗರ ಜೀವ ತಿಂದಿದ್ದೆ. ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರಂತೆ. ಕೇಳಿರಲಿಲ್ಲ.

ವೋಚರ್ ಪುಸ್ತಕ ಅಚ್ಚು ಹಾಕಿಸಿ ಎಲ್ಲ ಗುಂಪಿಗೂ ಒಂದೊಂದು ಕೊಟ್ಟೆವು. ಹುಡುಗ ಜೆಸಿಬಿಯವನನ್ನು ಹುಡುಕಿಕೊಂಡು ಅಣ್ಣಿಗೇರಿ ತನಕ ಹೋಗಿ ಸಹಿ ಹಾಕಿಸಿಕೊಂಡು ಬಂದ. ಹೋಗಿಬಂದ ಬಸ್ ಖರ್ಚನ್ನು ಲೆಕ್ಕದಲ್ಲಿ ಹಾಕಲಿಲ್ಲ. ಹಾಕು ಅಂದರೂ ಹಾಕಲಿಲ್ಲ.

ಮರುವರ್ಷ ಆಗಸ್ಟಿನಲ್ಲಿ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಕೆರೆ ಹತ್ತಿರ ಗಾಡಿ ನಿಲ್ಲಿಸಿದೆ. ಒಡ್ಡು ಸ್ವಚ್ಛವಾಗಿತ್ತು. ಜಾಳಿಗೆ ಇರಲಿಲ್ಲ. ಯಾರೋ ರಾತ್ರಿ ಕಿತ್ತುಕೊಂಡು ಹೋಗಿ ಗುಜರಿಗೆ ಹಾಕಿದ್ದರಂತೆ. ಆ ಜಾಗಕ್ಕೆ ಹುಡುಗರು ಜಾಲಿ ಮುಳ್ಳಿನ ಕಂಟಿ ಹೆಣೆದು ಬಿಗಿದಿದ್ದರು. ಅದಕ್ಕೆ ಪ್ಲಾಸ್ಟಿಕ್ ಹಾಳೆಗಳು ಸಿಕ್ಕಿಕೊಂಡು ನಿಂತಿದ್ದವು.

ಹುಡುಗನಿಗೆ ಫೋನ್ ಮಾಡಿದೆ. "ಹೊಸಾ ಜಾಳಿಗಿಗೆ ಅರ್ಜಿ ಹಾಕು, ಅಕ್ಟೋಬರ್‌ನ್ಯಾಗ ಶುರು ಆಗ್ತೈತಿ" ಅಂದೆ.

"ಹಾಕ್ತೇವ್ರಿ ಅಕ್ಕಾರ. ಅಲ್ಲೀತನಕಾ ಮುಳ್ಳು ನಡೀತೈತಿ" ಅಂದ. ಸ್ವಲ್ಪ ತಡೆದು ಕೇಳಿದ, "ಮುಳ್ಳಿಗೆ ಬಿಲ್ ಬೇಕೇನ್ರಿ?"